ಓದುಗರ ಪ್ರಶ್ನೆ, ನಮ್ಮ ಉತ್ತರ: ಸಾವನದುರ್ಗದ ಕಾಡುದಾರಿ

ಮಳೆಗಾಲ ಮುಗಿಯುತ್ತಾ ಬಂದಂತೆ ಬೆಂಗಳೂರಿನ ಸುತ್ತಲಿನ ಬೆಟ್ಟಗಳ ಬಗ್ಗೆ ವಿಚಾರಿಸುವ ಪತ್ರಗಳು ಹೆಚ್ಚುತ್ತವೆ. ಈ ಬಾರಿ ಬಂದ ಪತ್ರಗಳಲ್ಲಿ ಬಹುಪಾಲು ಮಾಗಡಿ ತಾಲ್ಲೂಕಿನ ಸಾವನದುರ್ಗ ಮತ್ತು ಅದನ್ನು ಸುತ್ತುವರಿದಿರುವ ರಾಜ್ಯ ಅರಣ್ಯಕ್ಕೆ ಸಂಬಂಧಿಸಿದವಾದ್ದರಿಂದ, ಅವುಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಒಂಬತ್ತು ಮತ್ತು ಹದಿಮೂರು ವರ್ಷದ ಇಬ್ಬರು ಮಕ್ಕಳಿದ್ದಾರೆ. ದೊಡ್ಡವನ ಶಾಲೆಯ ಗೆಳೆಯರು ಸಾವನದುರ್ಗ ಹತ್ತಿ ಬಂದಿದ್ದಾರೆಂದು ಇವರಿಬ್ಬರೂ ಹಟ ಹಿಡಿದಿದ್ದಾರೆ. ನಾವು ಯಾರೂ ಚಾರಣ ಮಾಡಿ ಅಭ್ಯಾಸವಿರುವವರಲ್ಲ. ಹೇಗೆ ಹೋಗಬೇಕು, ಅನುಮತಿ ಬೇಕೇ, ಮಕ್ಕಳಿಂದ ಆಗುತ್ತದೆಯೇ?
— ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ಆಗುತ್ತದೆ. ಆದರೆ ಊರಿಗೆ ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಲಾಲ್‌ಬಾಗಿನ ಬಂಡೆಯಂತೆ ಹಗುರವಾಗಿ ಎಣಿಸಬೇಡಿ. ಸಾವನದುರ್ಗ ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರವಿದೆ. ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದೆಂದು ಹೆಸರಾಗಿದೆ. ನಡೆಯಬೇಕಾದ ದೂರ ಕಡಿಮೆ, ಏರು ಮಾತ್ರ ಕಡಿದು. ಹೆಚ್ಚಿನ ದಾರಿ ಮಣ್ಣಿನ ಕಾಲುಹಾದಿಯಲ್ಲ, ಇಳಿಜಾರಾದ ಬರಿಯ ಬಂಡೆ. ಹಿಡಿದುಕೊಳ್ಳಲು ಕಂಬಿ ಇರುವುದಿಲ್ಲ, ಮೆಟ್ಟಿಲೂ ಇಲ್ಲ. ಒಂಬತ್ತು ವರ್ಷದ ಆರೋಗ್ಯವಂತ ಮಗು ಹತ್ತಬಲ್ಲದು, ಆದರೆ ಆ ಮಗುವಿನ ಪಕ್ಕದಲ್ಲೇ, ಇಳಿಯುವಾಗ ಅದಕ್ಕಿಂತ ಒಂದು ಹೆಜ್ಜೆ ಕೆಳಗೆ, ದೊಡ್ಡವರೊಬ್ಬರು ಸದಾ ಇರಬೇಕು.

ಬೆಂಗಳೂರಿನಿಂದ ಮಾಗಡಿ ರಸ್ತೆ ಹಿಡಿದರೆ ಬೆಟ್ಟದ ಬುಡಕ್ಕೆ ಸುಮಾರು ಐವತ್ತರಿಂದ ಅರವತ್ತು ಕಿಲೋಮೀಟರ್. ಮಾಗಡಿಯವರೆಗೆ ಬಸ್ಸುಗಳು ಬೇಕಾದಷ್ಟಿವೆ. ಅಲ್ಲಿಂದ ಮುಂದಕ್ಕೆ ಬಸ್ಸು ವಿರಳವಾದ್ದರಿಂದ ಆಟೋ ಗೊತ್ತುಮಾಡಿಕೊಳ್ಳುವಾಗ ವಾಪಸು ಕರೆದೊಯ್ಯುವ ಮಾತನ್ನೂ ಆಗಲೇ ಆಡಿಕೊಳ್ಳಿ. ಬೆಟ್ಟದ ಬುಡದಲ್ಲಿ ವೀರಭದ್ರಸ್ವಾಮಿಯ ಮತ್ತು ನರಸಿಂಹಸ್ವಾಮಿಯ ದೇವಸ್ಥಾನಗಳಿವೆ. ಚಾರಣದ ದಾರಿ ಆರಂಭವಾಗುವುದೂ ಅದೇ ಆಸುಪಾಸಿನಲ್ಲಿ.

ಅನುಮತಿ ಖಂಡಿತ ಬೇಕು. ಇದು ರಾಜ್ಯ ಅರಣ್ಯ. ಅರಣ್ಯ ಇಲಾಖೆಯ ಟಿಕೆಟ್ ಇಲ್ಲದೆ ಬೆಟ್ಟ ಹತ್ತುವುದು ಅಕ್ರಮ ಪ್ರವೇಶವಾಗುತ್ತದೆ. 2024ರ ಜನವರಿಯ ಕೊನೆಯಲ್ಲಿ ಕುಮಾರ ಪರ್ವತದ ಬುಡದಲ್ಲಿ ಒಂದೇ ದಿನ ಸಾವಿರಾರು ಜನ ನೆರೆದ ಮೇಲೆ ಸರ್ಕಾರ ಕೆಲಕಾಲ ಚಾರಣವನ್ನೇ ನಿಲ್ಲಿಸಿತ್ತು. ಅದೇ ವರ್ಷ ‘ಅರಣ್ಯ ವಿಹಾರ’ ಎಂಬ ಜಾಲತಾಣದ ಮೂಲಕ ಮುಂಗಡ ಟಿಕೆಟ್ ಪಡೆಯುವ ವ್ಯವಸ್ಥೆ ಬಂದು, ಒಂದು ಚಾರಣ ಪಥಕ್ಕೆ ದಿನಕ್ಕೆ ಮುನ್ನೂರು ಜನರೆಂಬ ಮಿತಿಯನ್ನು ಘೋಷಿಸಲಾಯಿತು. ಹೊರಡುವ ಮುನ್ನ ಆ ಜಾಲತಾಣದಲ್ಲಿ ಅಂದಿನ ದಿನಕ್ಕೆ ದಾರಿ ತೆರೆದಿದೆಯೇ ಎಂಬುದನ್ನು ನೋಡಿಕೊಳ್ಳಿ. ಬೇಸಿಗೆಯ ಕಾಳ್ಗಿಚ್ಚಿನ ತಿಂಗಳುಗಳಲ್ಲಿ ಮುಚ್ಚುವುದುಂಟು. ಗುರುತಿನ ಚೀಟಿ ಜೊತೆಗಿರಲಿ.

ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹತ್ತಲು ಶುರುಮಾಡಿ. ಮಕ್ಕಳೊಂದಿಗೆ ಹತ್ತಲು ಎರಡರಿಂದ ಎರಡೂವರೆ ಗಂಟೆ ಹಿಡಿಯಬಹುದು, ಇಳಿಯಲು ಹೆಚ್ಚುಕಡಿಮೆ ಅಷ್ಟೇ. ಹನ್ನೊಂದರ ನಂತರ ಬಂಡೆ ಕಾಯತೊಡಗುತ್ತದೆ. ಮೇಲಿನ ಬಿಸಿಲಿಗಿಂತ ಕೆಳಗಿನಿಂದ ಏಳುವ ಆ ಕಾವೇ ಮಕ್ಕಳನ್ನು ಬೇಗ ಸುಸ್ತುಮಾಡುವುದು. ಒಬ್ಬರಿಗೆ ಎರಡು ಲೀಟರ್ ನೀರು ಹೆಚ್ಚಲ್ಲ. ಮೇಲೆ ಕುಡಿಯುವ ನೀರಾಗಲಿ ಅಂಗಡಿಯಾಗಲಿ ಇದೆಯೆಂದು ನಂಬಿ ಹೊರಡಬೇಡಿ. ಉಪ್ಪು ಹಾಕಿದ ಮಜ್ಜಿಗೆ, ಚಿತ್ರಾನ್ನ ಅಥವಾ ಚಪಾತಿ, ಒಂದಿಷ್ಟು ಕಡಲೆಕಾಯಿ ಚಿಕ್ಕಿ ಸಾಕು. ಆದರೆ ತಿಂಡಿಯ ಚೀಲ ಕೈಯಲ್ಲಿ ತೂಗಾಡುತ್ತಿದ್ದರೆ ದೇವಸ್ಥಾನದ ಬಳಿಯ ಕೋತಿಗಳು ಬಿಡುವುದಿಲ್ಲ. ಎಲ್ಲವೂ ಬೆನ್ನುಚೀಲದೊಳಗೆ ಇರಲಿ, ಎರಡು ಕೈಗಳೂ ಖಾಲಿ ಇರಲಿ. ಬಂಡೆಯ ಮೇಲೆ ಬಾಣದ ಗುರುತುಗಳನ್ನು ಬಳಿದಿದ್ದಾರೆ. ಒಂದು ಗುರುತಿನಿಂದ ಮುಂದಿನ ಗುರುತು ಕಾಣದಿದ್ದರೆ ಮುಂದೆ ಹೋಗಿ ಹುಡುಕುವ ಬದಲು, ಹಿಂದಿನ ಗುರುತಿಗೆ ಮರಳಿ ಅಲ್ಲಿಂದ ಸುತ್ತ ನೋಡಬೇಕು. ಇಲ್ಲಿ ದಾರಿ ತಪ್ಪಿದವರು ಹೆಚ್ಚಾಗಿ ತಪ್ಪುವುದು ಇಳಿಯುವಾಗ; ಮೇಲಿನಿಂದ ನೋಡಿದಾಗ ಬಂಡೆಯೆಲ್ಲ ಒಂದೇ ಥರ ಕಾಣುತ್ತದೆ, ಸುಲಭವೆನಿಸಿದ ಕಡೆ ಇಳಿದರೆ ಕೊನೆಗೆ ನೇರ ಕಡಿದಾದ ಅಂಚಿಗೆ ಹೋಗಿ ನಿಲ್ಲಬೇಕಾಗುತ್ತದೆ. ಹತ್ತುವಾಗಲೇ ಆಗಾಗ ಹಿಂದಿರುಗಿ ನೋಡಿ, ಒಂದು ಗೋಡೆಯ ತುಂಡನ್ನೋ ಒಂಟಿ ಮರವನ್ನೋ ಮಕ್ಕಳಿಗೆ ತೋರಿಸಿ ನೆನಪಿಟ್ಟುಕೊಳ್ಳಲು ಹೇಳಿ. ಅವರು ಅದನ್ನು ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ.

ಪ್ರಶ್ನೆ: ಮಳೆಯಲ್ಲಿ ಮೋಡಗಳ ನಡುವೆ ಸಾವನದುರ್ಗ ಹತ್ತುವ ವಿಡಿಯೊಗಳನ್ನು ನೋಡಿದ್ದೇನೆ. ಒಳ್ಳೆಯ ಶೂ ಇದ್ದರೆ ಮಳೆಯಲ್ಲೂ ಹತ್ತಬಹುದಲ್ಲವೇ?
— ಇಂಜಿನಿಯರಿಂಗ್ ವಿದ್ಯಾರ್ಥಿ, ಕೆಂಗೇರಿ

ಉತ್ತರ: ಬೇಡ. ಶೂ ಎಷ್ಟೇ ಒಳ್ಳೆಯದಾದರೂ ಬೇಡ.

ಒಣ ದಿನದಲ್ಲಿ ಈ ಬಂಡೆಯನ್ನು ಹತ್ತಿರದಿಂದ ನೋಡಿದರೆ ಕಾರಣ ತಿಳಿಯುತ್ತದೆ. ಬಂಡೆಯ ಮೈ ಬಹುಪಾಲು ಬೂದು ಮಿಶ್ರಿತ ಗುಲಾಬಿ ಬಣ್ಣದ್ದು, ಬೆರಳಾಡಿಸಿದರೆ ಉಪ್ಪುಕಾಗದದಂತೆ ತರಿತರಿ. ಅದರ ನಡುವೆ ನೆತ್ತಿಯಿಂದ ಬುಡದವರೆಗೆ ಇಳಿದಿರುವ ಕಪ್ಪು ಪಟ್ಟೆಗಳಿವೆ. ಮಳೆನೀರು ವರ್ಷವರ್ಷವೂ ಹರಿಯುವ ಜಾಡುಗಳವು. ಅಲ್ಲಿ ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಾಣದಷ್ಟು ಸಣ್ಣ ಸೂಕ್ಷ್ಮಜೀವಿಗಳೂ ಕಲ್ಲುಹೂವುಗಳೂ ತೆಳುವಾದ ಪದರವಾಗಿ ಹಬ್ಬಿರುತ್ತವೆ. ಒಣಗಿದ್ದಾಗ ಆ ಪದರ ಕಲ್ಲಿಗೆ ಅಂಟಿದ ಮಸಿಯಂತೆ ನಿರುಪದ್ರವಿ. ನಾಲ್ಕು ಹನಿ ಬಿದ್ದರೆ ಉಬ್ಬಿ ಲೋಳೆಯಾಗುತ್ತದೆ, ಆಗ ಶೂವಿನ ಹಲ್ಲುಗಳು ಕಲ್ಲನ್ನು ಮುಟ್ಟುವುದೇ ಇಲ್ಲ. ಇಳಿಜಾರಿನಲ್ಲಿ ಒಮ್ಮೆ ಜಾರಿದವರಿಗೆ ಹಿಡಿದುಕೊಳ್ಳಲು ಹುಲ್ಲುಕಡ್ಡಿಯೂ ಸಿಗುವುದಿಲ್ಲ. ತುಂತುರು ಹನಿಯೂ ಸಾಕು, ಮುಂಜಾನೆಯ ದಟ್ಟ ಮಂಜೂ ಸಾಕು. ಅರ್ಧ ದಾರಿಯಲ್ಲಿ ಮಳೆ ಹಿಡಿದರೆ ಓಡಿ ಇಳಿಯಲು ಹೋಗದೆ, ಸಮತಟ್ಟಾದ ಒರಟು ಜಾಗದಲ್ಲಿ ಕುಳಿತು ಮಳೆ ನಿಂತು ಬಂಡೆ ಒಣಗುವವರೆಗೆ ಕಾಯುವುದು ಕ್ಷೇಮ. ಗುಡುಗು ಸಿಡಿಲಿದ್ದರೆ ಮಾತು ಬೇರೆ: ಬೋಳು ನೆತ್ತಿಯಿಂದಲೂ ಒಂಟಿ ಮರದ ಕೆಳಗಿನಿಂದಲೂ ದೂರವಾಗಿ, ಕುಳಿತುಕೊಂಡೇ ಜರುಗುತ್ತಾ ತಗ್ಗಿಗೆ ಬರಬೇಕಾಗುತ್ತದೆ. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನಗಳಲ್ಲಿ ಬೆಂಗಳೂರಿನ ಸುತ್ತ ಇಂತಹ ಮಳೆ ಸಾಮಾನ್ಯವಾದ್ದರಿಂದ, ಆ ಕಾಲದಲ್ಲಿ ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ಮೇಲೆ ಇರಲೇಬಾರದು.

ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗಿನ ಒಣ, ತಂಪು ದಿನಗಳು ನಿಮ್ಮ ವಯಸ್ಸಿನವರಿಗೂ ಸೊಗಸಾದವೇ. ಆಗ ಆಕಾಶ ತಿಳಿಯಾಗಿರುತ್ತದೆ. ನೆತ್ತಿಯಿಂದ ಅರ್ಕಾವತಿಗೆ ಕಟ್ಟಿದ ಮಂಚನಬೆಲೆ ಜಲಾಶಯ ಸ್ಪಷ್ಟವಾಗಿ ಕಾಣುತ್ತದೆ.

ಪ್ರಶ್ನೆ: ಚಿರತೆ, ಕರಡಿ ಇವೆ ಎನ್ನುತ್ತಾರೆ. ಆನೆಯೂ ಬರುತ್ತದಂತೆ. ಇದು ನಿಜವೇ? ನಿಜವಾದರೆ ಮಗಳನ್ನು ಕಾಲೇಜಿನವರ ಜೊತೆ ಕಳುಹಿಸಲು ಭಯವಾಗುತ್ತದೆ.
— ತಾಯಿ, ತುಮಕೂರು

ಉತ್ತರ: ನಿಜ. ಮೂರೂ ಇವೆ. ಚಿರತೆ ಮತ್ತು ಕರಡಿ ಈ ಕಲ್ಲುಗುಡ್ಡಗಳ ಕಾಯಂ ನಿವಾಸಿಗಳು. ಬಂಡೆಗಳ ಪೊಟರೆಗಳೇ ಅವುಗಳ ಮನೆ. ಆನೆಗಳು ಬನ್ನೇರುಘಟ್ಟದ ಕಡೆಯಿಂದ ರಾಮನಗರ, ಮಾಗಡಿಯ ಕಾಡಿನ ತುಣುಕುಗಳನ್ನು ಹಿಡಿದು ಆಗಾಗ ಈ ಕಡೆ ಬರುತ್ತವೆ. ಹಾಗೆಂದು ಮಗಳನ್ನು ಕಳುಹಿಸದೇ ಇರಬೇಕಾಗಿಲ್ಲ. ನಿಗದಿಯಾದ ದಾರಿಯಲ್ಲಿ, ಹಗಲು ಹೊತ್ತಿನಲ್ಲಿ, ಗುಂಪಾಗಿ ನಡೆಯುವವರಿಗೆ ಈ ಪ್ರಾಣಿಗಳು ಎದುರಾಗುವುದು ಅಪರೂಪ. ಅವು ಮನುಷ್ಯರ ಸದ್ದು ಕೇಳಿದರೆ ತಾವಾಗಿಯೇ ಸರಿದುಕೊಳ್ಳುತ್ತವೆ. ಅಪಾಯವಿರುವುದು ಮುಂಜಾವದ ನಸುಕಿನಲ್ಲಿ, ಸಂಜೆ ಕತ್ತಲಾಗುವಾಗ ಮತ್ತು ದಾರಿ ಬಿಟ್ಟು ಪೊದೆಗಳೊಳಗೆ ನುಗ್ಗಿದಾಗ. ರಾತ್ರಿ ಚಾರಣವನ್ನು ಇಲಾಖೆ ನಿಷೇಧಿಸಿರುವುದು ಇದಕ್ಕಾಗಿಯೇ. ಸೂರ್ಯೋದಯ ತೋರಿಸುತ್ತೇವೆಂದು ನಡುರಾತ್ರಿ ಕರೆದೊಯ್ಯುವವರ ಜೊತೆ ಯಾವ ಕಾರಣಕ್ಕೂ ಕಳುಹಿಸಬೇಡಿ.

ಕರಡಿಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಅದಕ್ಕೆ ಕಣ್ಣು ಮಂದ. ಹತ್ತಿರ ಬರುವವರೆಗೆ ಗಮನಿಸದೆ, ಥಟ್ಟನೆ ಗಾಬರಿಯಾಗಿ ಮೇಲೆ ಬೀಳುತ್ತದೆ. ಆದ್ದರಿಂದ ಪೊದೆ ಒತ್ತಾಗಿರುವ ಕಡೆ ಮಾತನಾಡುತ್ತಾ ನಡೆಯುವುದು ಒಳ್ಳೆಯದು. ಚಿರತೆಯಾಗಲಿ ಕರಡಿಯಾಗಲಿ ಕಂಡರೆ ಓಡಬಾರದು. ಎಲ್ಲರೂ ಒತ್ತೊತ್ತಾಗಿ ನಿಂತು, ಬೆನ್ನು ತೋರಿಸದೆ ನಿಧಾನವಾಗಿ ಹಿಂದೆ ಸರಿಯಬೇಕು. ಆನೆ ಬಂದಿರುವ ಸುದ್ದಿ ಊರವರಿಂದಲೋ ಕಾವಲುಗಾರರಿಂದಲೋ ತಿಳಿದರೆ ಅಂದು ಹತ್ತುವ ಯೋಚನೆಯನ್ನೇ ಬಿಡಬೇಕು.

ನೀವು ಕೇಳದಿದ್ದರೂ ಹಾವಿನ ಬಗ್ಗೆ ಹೇಳಬೇಕು. ಇಂತಹ ಕಲ್ಲುಕುರುಚಲು ಗರಗಸ ಮಂಡಲದ ನೆಲೆ. ಕೈಯುದ್ದಕ್ಕಿಂತ ಚಿಕ್ಕದು, ಬಣ್ಣ ಒಣ ಎಲೆಯದೇ. ಕಣ್ಣಿಗೆ ಬೀಳುವುದು ಕಷ್ಟ. ಬಂಡೆಯ ಸಂದಿಗೆ ನೋಡದೆ ಕೈ ಹಾಕಬಾರದೆಂದು ಮಗಳಿಗೆ ಹೇಳಿ ಕಳುಹಿಸಿ. ಕಚ್ಚಿದರೆ ಗಾಯವನ್ನು ಕೊಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಯಾವುದೂ ಕೂಡದು. ಉಂಗುರ, ಬಳೆ, ಗಡಿಯಾರ ತೆಗೆದು, ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡಿಸದೆ, ಆದಷ್ಟೂ ನಡೆಸದೆ ಹೊತ್ತು ತಂದು 108ಕ್ಕೆ ಕರೆಮಾಡಿ, ಪ್ರತಿವಿಷ ಲಭ್ಯವಿರುವ ಆಸ್ಪತ್ರೆಗೆ ಸೇರಿಸಬೇಕು. ಅರಣ್ಯ ಇಲಾಖೆಯ ಸಹಾಯವಾಣಿ 1926.

ಪ್ರಶ್ನೆ: ಹೆಜ್ಜೇನು ಎದ್ದರೆ ಏನು ಮಾಡಬೇಕು?
— ಓದುಗರು, ನೆಲಮಂಗಲ

ಉತ್ತರ: ಏಳದಂತೆ ನೋಡಿಕೊಳ್ಳುವುದೇ ಮುಖ್ಯ. ಬಂಡೆಯ ಚಾಚಿನ ಕೆಳಗೆ ಹುಟ್ಟುಗಳು ತೂಗಾಡುವುದು ಕಂಡರೆ ಅತ್ತ ಕಲ್ಲೆಸೆಯುವುದು, ಕೂಗುವುದು, ಸಿಗರೇಟು ಸೇದುವುದು, ಡ್ರೋನ್ ಹಾರಿಸುವುದು ಬೇಡ. ಗಾಢ ಸುಗಂಧವನ್ನೂ ಹಚ್ಚಿಕೊಂಡು ಹೋಗಬೇಡಿ. ಎದ್ದರೆ ಮುಖ, ತಲೆ ಮುಚ್ಚಿಕೊಂಡು, ಕೈ ಬೀಸದೆ ಆದಷ್ಟು ಬೇಗ ದೂರ ಹೋಗಬೇಕು, ಆದರೆ ಬಂಡೆಯ ಅಂಚಿನ ಕಡೆಗೆ ಓಡಬಾರದು. ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿಕೊಂಡರೆ ಒಂದೇ ಮುಳ್ಳಾದರೂ ತಡಮಾಡದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ದಾರಿ ಬಿಟ್ಟು ಅತ್ತಿತ್ತ ಹೋಗಬಾರದೆಂದು ಕಾವಲುಗಾರರು ಗದರಿಸುತ್ತಾರೆ. ಪಶ್ಚಿಮಘಟ್ಟದ ಕಾಡಾದರೆ ಸರಿ. ಈ ಬೋಳು ಕಲ್ಲಿನಲ್ಲಿ ಕಾಪಾಡುವಂಥದ್ದು ಏನಿದೆ?
— ಓದುಗರೊಬ್ಬರು, ರಾಜಾಜಿನಗರ

ಉತ್ತರ: ಈ ಪ್ರಶ್ನೆಗೆ ಸಾವಧಾನವಾಗಿ ಉತ್ತರಿಸಬೇಕೆನಿಸುತ್ತದೆ, ಏಕೆಂದರೆ ಬೆಂಗಳೂರಿನ ಸುತ್ತಲಿನ ಎಷ್ಟೋ ಗುಡ್ಡಗಳು ಕ್ವಾರಿಗಳ ಪಾಲಾಗಿ ಜಲ್ಲಿಯಾದದ್ದು ಇದೇ ಅಭಿಪ್ರಾಯದಿಂದ.

ಮೊದಲು ಕಲ್ಲಿನ ಮಾತು. ಇದು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ ಶಿಲೆ. ರಾಮನಗರದ ಹಳೆಯ ಹೆಸರಿನಿಂದ ಬಂದದ್ದು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕರಗಿದ ಶಿಲೆ ತಣಿದು ಗಟ್ಟಿಯಾಗಿ, ಮೇಲಿನ ಪದರಗಳು ಸವೆದ ಬಳಿಕ ಹೊರಗೆ ಕಾಣಿಸಿಕೊಂಡಿತು. ದಕ್ಷಿಣದಿಂದ ಉತ್ತರಕ್ಕೆ, ಬಳ್ಳಾರಿಯ ಕಡೆಯವರೆಗೆ, ಕರ್ನಾಟಕದ ಉದ್ದಕ್ಕೂ ಒಂದು ಪಟ್ಟಿಯಾಗಿ ಅದು ಹಬ್ಬಿದೆ.

ಈ ಕಲ್ಲನ್ನೇ ನಂಬಿ ಬದುಕುವ ಜೀವಿಗಳಿವೆ. ಹಳದಿ ಕೊರಳಿನ ಪಿಕಳಾರ ಜಗತ್ತಿನಲ್ಲಿ ದಕ್ಷಿಣ ಭಾರತದ ಪರ್ಯಾಯ ದ್ವೀಪದಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ. ಇಲ್ಲಿಯೂ ಅದಕ್ಕೆ ಬೇಕಾದುದು ಕುರುಚಲು ಬೆಳೆದ ಕಲ್ಲುಗುಡ್ಡಗಳೇ. ನಂದಿಬೆಟ್ಟ, ಸಾವನದುರ್ಗದಂತಹ ಕಡೆ ಅದನ್ನು ಹುಡುಕಿಕೊಂಡು ದೂರದೂರದಿಂದ ಪಕ್ಷಿವೀಕ್ಷಕರು ಬರುತ್ತಾರೆ. ಇದೇ ಶಿಲೆಯ ಇನ್ನೊಂದು ಗುಡ್ಡವಾದ ರಾಮನಗರದ ರಾಮದೇವರ ಬೆಟ್ಟದ ಕಡಿದಾದ ಗೋಡೆಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡುಕಟ್ಟುತ್ತವೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವುನಿವಾರಕ, ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ದೇಶದಾದ್ಯಂತ ಅವುಗಳ ಸಂತತಿಯನ್ನೇ ಅಳಿಸುತ್ತಾ ಬಂದಿತ್ತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು ನಿಷೇಧಿಸಲಾಯಿತು. 2012ರಲ್ಲಿ ಆ ಬೆಟ್ಟದ 346 ಹೆಕ್ಟೇರ್ ಪ್ರದೇಶ ರಣಹದ್ದು ವನ್ಯಧಾಮವಾಯಿತು. ಮರಿಯಿರುವ ಗೂಡಿನ ಮೇಲೆ ಜನ ಹತ್ತಿ ನಿಂತರೆ ತಾಯಿಹಕ್ಕಿ ಗೂಡು ಬಿಟ್ಟೇಳುತ್ತದೆ ಎಂಬ ಒಂದೇ ಸಂಗತಿ ಸಾಕು, ದಾರಿ ಬಿಡಬಾರದೆನ್ನುವುದಕ್ಕೆ.

ಇನ್ನು ನಿಮ್ಮ ಕಾಲಬುಡದಲ್ಲೇ ಕಾಣುವುದೊಂದಿದೆ: ಬಂಡೆಯ ಓತಿಕ್ಯಾತ. ಸ್ವಲ್ಪ ದೂರದಲ್ಲಿ ಅಲುಗಾಡದೆ ಕುಳಿತು ನೋಡಿ. ಬಿಸಿಲೇರಿದ ಬಂಡೆಯ ಅಂಚಿನಲ್ಲಿ ಗಂಡು ಮುಂಗಾಲುಗಳನ್ನು ಊರಿ ಎದೆಯೆತ್ತಿ ಕುಳಿತಿರುತ್ತದೆ. ಸುತ್ತಲಿನ ಕಂದು ಹೆಣ್ಣುಗಳು ಕಲ್ಲಿನಲ್ಲೇ ಬೆರೆತುಹೋಗಿರುತ್ತವೆ. ಬೆದೆಯ ಕಾಲದಲ್ಲಿ ಇನ್ನೊಂದು ಗಂಡು ಎದುರಾದರೆ ಅದರ ಬೆನ್ನು ನೋಡನೋಡುತ್ತಿದ್ದಂತೆ ಹಳದಿಗೆ ತಿರುಗುತ್ತದೆ, ಹೆಣ್ಣಿನ ಮುಂದಾದರೆ ಕೆಂಪೇರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಬಣ್ಣದ ಮಾತುಕತೆಯನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಅಂತಹ ಓತಿಕ್ಯಾತಕ್ಕೆ ಕಲ್ಲೆಸೆಯುವ ಹುಡುಗರನ್ನು ಬೆಟ್ಟದಲ್ಲಿ ಕಂಡಾಗಲೆಲ್ಲ ನಮಗೆ ಸಂಕಟವಾಗುತ್ತದೆ; ಜೊತೆಯಲ್ಲಿರುವ ದೊಡ್ಡವರು ದಯವಿಟ್ಟು ತಡೆಯಬೇಕು.

ಕಲ್ಲಿನ ಕುಳಿಗಳಲ್ಲಿ ಮಳೆಗಾಲ ಕಳೆದರೂ ಒಂದಿಷ್ಟು ನೀರು ನಿಂತಿರುತ್ತದೆ. ಹಕ್ಕಿ, ಕೋತಿ, ಜೇನ್ನೊಣ ಎಲ್ಲಕ್ಕೂ ಅದೇ ಆಧಾರ. ಅದರಲ್ಲಿ ಕೈಕಾಲು ಸೋಪು ಹಚ್ಚಿ ತೊಳೆಯುವುದು, ಚಿಪ್ಸಿನ ಪೊಟ್ಟಣ ಬಿಡುವುದು ಎಂದರೆ ತಿಂಗಳುಗಟ್ಟಲೆ ಬೇಕಾದ ನೀರನ್ನು ಒಂದೇ ಗಳಿಗೆಯಲ್ಲಿ ಕೆಡಿಸಿದಂತೆ. ಕಾವಲುಗಾರರ ಗದರಿಕೆಯ ದನಿ ಸ್ವಲ್ಪ ಮೃದುವಾಗಬಹುದೆಂಬುದನ್ನು ಒಪ್ಪುತ್ತೇವೆ. ಗದರಿಕೆಯ ಕಾರಣ ಮಾತ್ರ ಸರಿಯಾದದ್ದು.

ಪ್ರಶ್ನೆ: ನಮ್ಮ ಅಜ್ಜಿ ಮಾಗಡಿ ಕಡೆಯವರು. ಸಾವನದುರ್ಗದ ಕಾಡಿನ ಮಾಕಳಿ ಬೇರಿನ ಉಪ್ಪಿನಕಾಯಿಯ ರುಚಿಯನ್ನು ಈಗಲೂ ನೆನೆಯುತ್ತಾರೆ. ಚಾರಣಕ್ಕೆ ಹೋದಾಗ ಸ್ವಲ್ಪ ಬೇರು ಅಗೆದು ತರಬಹುದೇ?
— ಓದುಗರು, ಬಸವನಗುಡಿ

ಉತ್ತರ: ಅಜ್ಜಿಯ ಆಸೆ ನಮಗೆ ಅರ್ಥವಾಗುತ್ತದೆ. ಮಜ್ಜಿಗೆಯಲ್ಲಿ ನೆನೆದ ಮಾಕಳಿ ಬೇರಿನ ಘಮಲು ಒಮ್ಮೆ ಅಂಟಿಕೊಂಡರೆ ಬಿಡುವಂಥದ್ದಲ್ಲ. ಆದರೂ ಅಗೆಯಬಾರದು. ಬಂಡೆಯ ಸಂದುಗಳಲ್ಲಿ ಬೇರಿಳಿಸಿ ನಿಧಾನವಾಗಿ ಬೆಳೆಯುವ ಬಳ್ಳಿಯದು. ಬಳಕೆಗೆ ಬರುವುದು ಬೇರೇ ಆದ್ದರಿಂದ ಒಂದು ಸಲ ಕಿತ್ತರೆ ಹೆಚ್ಚಿನಂಶ ಆ ಗಿಡವೇ ಹೋದಂತೆ. ದಕ್ಷಿಣ ಭಾರತಕ್ಕೇ ಸೀಮಿತವಾದ ಈ ಬಳ್ಳಿ ವ್ಯಾಪಾರಕ್ಕಾಗಿ ಎಗ್ಗಿಲ್ಲದೆ ಅಗೆದದ್ದರಿಂದ ಅಳಿವಿನಂಚಿನ ಸಸ್ಯಗಳ ಪಟ್ಟಿ ಸೇರಿದೆ. ಸಾವನದುರ್ಗದ ಒಂದು ಭಾಗವನ್ನು ಔಷಧಿ ಸಸ್ಯಗಳ ಸಂರಕ್ಷಣಾ ಪ್ರದೇಶವೆಂದು ಗುರುತಿಸಿರುವುದು ಇಂತಹವುಗಳ ಸಲುವಾಗಿಯೇ. ಇಲ್ಲಿಂದ ಬೇರು, ತೊಗಟೆ, ಕಾಯಿ ಏನನ್ನೇ ತೆಗೆದರೂ ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಅಪರಾಧ. ಮಾಕಳಿಯನ್ನು ತೋಟಗಳಲ್ಲಿ ಬೆಳೆಸುವ ಪ್ರಯತ್ನಗಳೂ ನಡೆದಿವೆ. ಉಪ್ಪಿನಕಾಯಿಗೆ ಬೇಕಾದಾಗ ಬೆಳೆದವರಿಂದಲೇ ಬಂದ ಬೇರೆಂದು ಖಾತ್ರಿಯಾದರೆ ಮಾತ್ರ ಕೊಳ್ಳಿ. ನರ್ಸರಿಯಲ್ಲಿ ಸಸಿ ಸಿಕ್ಕಿದರೆ ಅಜ್ಜಿಯ ಕೈಯಲ್ಲೇ ಒಂದು ದೊಡ್ಡ ಕುಂಡದಲ್ಲಿ ನೆಡಿಸಿ.

ಪ್ರಶ್ನೆ: ಹತ್ತುವ ದಾರಿಯಲ್ಲಿ ಕಾಣುವ ಕೋಟೆಗೋಡೆಗಳು ಯಾರ ಕಾಲದವು? ಶಾಲಾ ಮಕ್ಕಳನ್ನು ಕರೆದೊಯ್ಯುವಾಗ ಏನು ಹೇಳಲಿ?
— ನಿವೃತ್ತ ಶಿಕ್ಷಕರು, ಕುಣಿಗಲ್

ಉತ್ತರ: ಮಕ್ಕಳಿಗೆ ಮೂರು ಇಸವಿಗಳನ್ನು ಹೇಳಿದರೆ ಸಾಕು. 1638ರಲ್ಲಿ ಬಿಜಾಪುರದ ಸೇನೆಗೆ ಬೆಂಗಳೂರನ್ನು ಕಳೆದುಕೊಂಡ ಕೆಂಪೇಗೌಡರ ಮನೆತನದವರು ಮಾಗಡಿಯನ್ನು ನೆಲೆಯಾಗಿಸಿಕೊಂಡರು. ಸಾವನದುರ್ಗ ಆ ಮನೆತನದ ಭದ್ರಕೋಟೆಯಾಯಿತು. 1728ರಲ್ಲಿ ಅದು ಮೈಸೂರಿನವರ ವಶವಾಗಿ, ಆ ವಂಶದ ಕೊನೆಯ ಅರಸು ಶ್ರೀರಂಗಪಟ್ಟಣದ ಸೆರೆ ಸೇರಿದರು. ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಡಿಸೆಂಬರ್ 21ರಂದು, ಕಾರ್ನ್‌ವಾಲಿಸನ ಸೇನೆ ಟಿಪ್ಪುವಿನ ಪಡೆಯಿಂದ ಇದನ್ನು ಕಸಿದುಕೊಂಡಿತು. ಈ ದುರ್ಗವನ್ನು ಭೇದಿಸಲಾಗದೆಂಬ ನಂಬಿಕೆಗೆ ಗೋಡೆಗಳಷ್ಟೇ ಕಾರಣವಾಗಿರಲಿಲ್ಲ. ಸುತ್ತಲಿದ್ದ ಬಿದಿರು, ಮುಳ್ಳುಗಳ ದಟ್ಟ ಕಾಡೂ ಅದರ ಕೋಟೆಯೇ ಆಗಿತ್ತು. ಈಗ ಉಳಿದಿರುವ ಕುರುಚಲನ್ನು ತೋರಿಸಿ ಅದನ್ನು ಹೇಳಿದರೆ ಮಕ್ಕಳ ಮನಸ್ಸಿನಲ್ಲಿ ನಿಲ್ಲುತ್ತದೆ. ಗೋಡೆಗಳ ಮೇಲೆ ಹತ್ತಿಸಬೇಡಿ, ಗಾರೆ ಸಡಿಲವಾಗಿರುವ ಕಡೆ ಕಲ್ಲುಗಳು ಉರುಳುತ್ತವೆ. ನೆತ್ತಿಯಲ್ಲಿರುವ ನಂದಿಮಂಟಪದ ನೆರಳಿನಲ್ಲಿ ಕೂರಿಸಿ ಪಾಠ ಮಾಡಬಹುದು.

ಪ್ರಶ್ನೆ: ನಾವಿಬ್ಬರೂ ಎಪ್ಪತ್ತು ದಾಟಿದವರು. ಬಂಡೆ ಹತ್ತುವ ಶಕ್ತಿ ಇಲ್ಲ, ಕಾಡಿನಲ್ಲಿ ಒಂದಿಷ್ಟು ನಡೆಯುವ ಆಸೆ ಇದೆ.
— ದಂಪತಿ, ಮಲ್ಲೇಶ್ವರ

ಉತ್ತರ: ತಾವು ತುಮಕೂರಿನ ಬಳಿಯ ದೇವರಾಯನದುರ್ಗಕ್ಕೆ ಹೋಗಿ ಬರುವುದು ಒಳ್ಳೆಯದು. ಕಾಡಿನ ನಡುವೆ ಮೇಲಿನವರೆಗೂ ವಾಹನ ಹೋಗುವ ರಸ್ತೆಯಿದೆ. ಬೆಟ್ಟದ ತಪ್ಪಲಿನ ಊರಿನಲ್ಲಿ ಭೋಗ ನರಸಿಂಹನ ದರ್ಶನ ಮಾಡಬಹುದು. ಮೇಲಿನ ಯೋಗ ನರಸಿಂಹನ ಗುಡಿಗೆ ಮೆಟ್ಟಿಲುಗಳಿರುವುದರಿಂದ ಮಂಡಿಯನ್ನು ಕೇಳಿಕೊಂಡು ತೀರ್ಮಾನಿಸಿ. ಕೆಳಗೆ ಬಂಡೆಯೊಳಗಿನಿಂದ ನೀರು ಜಿನುಗುವ ನಾಮದ ಚಿಲುಮೆಯ ಸುತ್ತ ಮರಗಳ ನೆರಳಿನಲ್ಲಿ ಹೆಚ್ಚು ಏರಿಳಿತವಿಲ್ಲದೆ ನಡೆಯಲು ಸಾಧ್ಯ. ಅಲ್ಲೇ ಅರಣ್ಯ ಇಲಾಖೆಯ ಔಷಧಿ ಸಸ್ಯಗಳ ವನವೂ ಇದೆ. ವಾರದ ನಡುವಿನ ದಿನ, ಬೆಳಿಗ್ಗೆ ಎಂಟರೊಳಗೆ ತಲುಪುವಂತೆ ಹೊರಟರೆ ಜನರಿರುವುದಿಲ್ಲ, ಹಕ್ಕಿಗಳೂ ಚೆನ್ನಾಗಿ ಕಾಣುತ್ತವೆ.